ಮೊದಲು ಹನಿ, ಆಮೇಲೆ ಟಿಕ್ಕು

ಅವಳಿಗೆ ಬುಗುರಿ ಎಂದು ಹೆಸರಿಟ್ಟವಳು ಅಮ್ಮ. ಹೆಜ್ಜೆ ಕಲಿತ ದಿನದಿಂದ ಒಂದು ಕಡೆ ನಿಲ್ಲದೆ ಮನೆ ತುಂಬ ತಿರುಗುತ್ತಿದ್ದ ಮಗುವನ್ನು ಮುದ್ದಿಗೆ ಕರೆದ ಹೆಸರು. ಮುದ್ದಿನ ವಯಸ್ಸು ಮುಗಿದರೂ ಹೆಸರು ಉಳಿಯಿತು. ನಲವತ್ತು ದಾಟಿ, ಮನೆಯ ಮುಂಗೋಣೆಯಲ್ಲಿ ಹೊಲಿಗೆ ಮಷೀನು ಹಾಕಿಕೊಂಡು, ಕಂಡವರ ಕೋಟು ಪ್ಯಾಂಟುಗಳನ್ನು ಬಿಗಿ ಮಾಡಿ, ಸಡಿಲ ಮಾಡಿ, ಕೆಟ್ಟ ಜಿಪ್ಪು ಬದಲಿಸಿ ಹೊಟ್ಟೆ ಹೊರೆಯುವ ಹೆಂಗಸಾದ ಮೇಲೂ ಅಕ್ಕ ಫೋನೆತ್ತಿದರೆ ಮೊದಲ ಮಾತು ಅದೇ: "ಏನೇ ಬುಗುರಿ, ಇವತ್ತು ಎಲ್ಲಿ ತಿರುಗ್ತಿದೀಯ?"

ಕೆಲಸ ಬಾರದವಳಲ್ಲ ಅವಳು. ಕೋಟಿನ ತೋಳು ಬಿಚ್ಚಿ ಮತ್ತೆ ಕೂರಿಸಿದರೆ ಮೊದಲು ಹೊಲಿದವನಿಗೂ ಗುರುತು ಸಿಗುತ್ತಿರಲಿಲ್ಲ. ಆದರೆ ಒಂದು ಸಲ ಗಿರಾಕಿಯೊಬ್ಬನ ಪ್ಯಾಂಟಿನ ಒಂದೇ ಕಾಲನ್ನು ಗಿಡ್ಡ ಮಾಡಿ, ಇಸ್ತ್ರಿ ಹಾಕಿ, ಚೆಂದವಾಗಿ ಮಡಿಸಿ ಕೊಟ್ಟುಬಿಟ್ಟಿದ್ದಳು. ಪಾಪ, ಅವನು ಕೆಲಸದ ಸಂದರ್ಶನಕ್ಕೆ ಹೊರಟ ಬೆಳಿಗ್ಗೆ ಅದನ್ನು ಹಾಕಿಕೊಂಡು ಬೀದಿಗುಂಟ ಓಡಿ ಬಂದಿದ್ದ. ಕತ್ತರಿಯನ್ನು ಕೊರಳಿಗೆ ನೇತುಹಾಕಿಕೊಂಡೇ ಕತ್ತರಿ ಹುಡುಕುವುದಂತೂ ದಿನದ ಮಾತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂದು ಅಮ್ಮ ನಗುತ್ತಿದ್ದಳು. ಬುಗುರಿಗೆ ಗಮನವೇ ಇಲ್ಲ ಎನ್ನುವವರು ಅವಳು ಹೊಲಿಗೆಯಲ್ಲಿ ಮುಳುಗಿದ್ದಾಗ ಬಂದು ನೋಡಬೇಕಿತ್ತು. ಪಕ್ಕದಲ್ಲಿ ಪಾತ್ರೆ ಬಿದ್ದರೂ ತಲೆ ಎತ್ತುತ್ತಿರಲಿಲ್ಲ. ಗಮನ ಇತ್ತು, ಅವಳ ಮಾತು ಕೇಳುತ್ತಿರಲಿಲ್ಲ ಅಷ್ಟೆ. ಕರೆದರೆ ಬಾರದ, ಬಂದರೆ ಹೋಗದ ನೆಂಟನ ಹಾಗೆ.

ಹೋದ ವರ್ಷ ಮನೋವೈದ್ಯೆಯೊಬ್ಬರು ಇದಕ್ಕೊಂದು ಹೆಸರು ಹೇಳಿ, "ಇದು ಸೋಮಾರಿತನ ಅಲ್ಲ, ಹುಟ್ಟಿನಿಂದ ನಿಮ್ಮ ಮಿದುಳು ಕೆಲಸ ಮಾಡೋ ರೀತಿನೇ ಹೀಗೆ" ಎಂದರು. ಬುಗುರಿ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಮನೆ ಬರುವವರೆಗೂ ಅತ್ತಳು. ಅದು ದುಃಖವಲ್ಲ, ಇಷ್ಟು ವರ್ಷ ತಿಂದ ಬೈಗುಳವೆಲ್ಲ ಒಟ್ಟಿಗೆ ಕರಗಿದ್ದು. ಅಕ್ಕ ಮಾತ್ರ, "ಸರಿ ಹೋಯ್ತು, ಇನ್ಮೇಲೆ ಮರೆಯೋಕೆ ಲೈಸೆನ್ಸ್ ಸಿಕ್ಕ ಹಾಗಾಯ್ತು" ಎಂದಳು.

ಅಕ್ಕ ದೊಡ್ಡ ಶಾಲೆಯೊಂದರಲ್ಲಿ ವೇಳಾಪಟ್ಟಿ ಹಾಕುವವಳು. ಯಾವ ತರಗತಿಗೆ ಯಾವ ಗಂಟೆಯಲ್ಲಿ ಯಾವ ಮೇಷ್ಟ್ರು ಎನ್ನುವುದು ಅವಳ ಬೆರಳ ತುದಿಯಲ್ಲಿ. ಅವಳ ಮನೆಯಲ್ಲೂ ಹಾಗೆಯೇ. ತಿಂಡಿಗೆ ಹೊತ್ತು, ಮಾತಿಗೆ ಹೊತ್ತು, ಮೌನಕ್ಕೂ ಹೊತ್ತು. ಅಮ್ಮ ಅಲ್ಲಿ ಒಮ್ಮೆ ಒಂದು ತಿಂಗಳು ಇದ್ದು ಬಂದವಳು, "ಅಲ್ಲಿ ಉಸಿರಾಡೋಕೂ ಬೆಲ್ ಹೊಡೀಬೇಕು ಕಣೇ. ಸತ್ರೂ ಇಲ್ಲೇ ಸಾಯ್ತೀನಿ" ಎಂದು ಬುಗುರಿಯ ಮುಂಗೋಣೆಯ ಮೂಲೆಯ ಕುರ್ಚಿಯಲ್ಲಿ ಕೂತವಳು ಎದ್ದಿರಲಿಲ್ಲ.

ಆ ಕುರ್ಚಿಗೇ ಈಗ ಕಂಟಕ ಬಂದಿತ್ತು. ಅಮ್ಮನ ಎಡಗಣ್ಣು ಹೋಗಿ ಬಹಳ ಕಾಲವಾಗಿತ್ತು. ಕಣ್ಣಿನೊಳಗಿನ ಒತ್ತಡ ಏರಿ ಏರಿ, ನೋವಿಲ್ಲದೆ, ಸದ್ದಿಲ್ಲದೆ, ಅಂಚಿನಿಂದ ಕತ್ತಲಾಗುತ್ತ ಬಂದು ಆರಿಹೋಗಿತ್ತು. ಈಗ ಅದೇ ರೋಗ ಬಲಗಣ್ಣಿನ ಬಾಗಿಲಿಗೆ ಬಂದು ನಿಂತಿತ್ತು. ದಿನಕ್ಕೆ ಮೂರು ಹೊತ್ತು ಹನಿ ಹಾಕಬೇಕು, ತಪ್ಪಿಸಕೂಡದು ಎಂದಿದ್ದರು ಕಣ್ಣಿನ ಡಾಕ್ಟರು. ಅಮ್ಮನ ಕೈ ನಡುಗುತ್ತದೆ. ತಾನೇ ಹಾಕಿಕೊಂಡರೆ ಹನಿ ಕೆನ್ನೆಗೆ ಬೀಳುತ್ತದೆ.

"ನನ್ನ ಮನೆಗೆ ಕರ್ಕೊಂಡು ಹೋಗ್ತೀನಿ" ಎಂದಳು ಅಕ್ಕ, ಆಸ್ಪತ್ರೆಯ ಮೆಟ್ಟಿಲ ಮೇಲೆಯೇ.

"ನಾನು ಹಾಕ್ತೀನಿ ಅಕ್ಕಾ."

"ನೀನಾ?" ಅಕ್ಕ ನಗಲಿಲ್ಲ. ನಕ್ಕಿದ್ದರೆ ಬುಗುರಿಗೆ ಇಷ್ಟು ನೋಯುತ್ತಿರಲಿಲ್ಲ. "ಇದು ಪ್ಯಾಂಟಿನ ಕಾಲಲ್ಲ ಕಣೇ, ಆಮೇಲೆ ಸರಿ ಮಾಡ್ಕೊಡ್ತೀನಿ ಅನ್ನೋಕೆ. ಇರೋದು ಒಂದೇ ಕಣ್ಣು."

ಅಮ್ಮ ಬುಗುರಿಯ ಕೈ ಹಿಡಿದುಕೊಂಡು ಗಟ್ಟಿಯಾಗಿ ನಿಂತಳು. ಕೊನೆಗೆ ಅಕ್ಕ ಒಪ್ಪಿದಳು: ಮುಂದಿನ ತಪಾಸಣೆಯವರೆಗೆ ನೋಡೋಣ. ಒತ್ತಡ ಹಿಡಿತದಲ್ಲಿದ್ದರೆ ಅಮ್ಮ ಇಲ್ಲೇ ಇರಲಿ. ಏರಿದ್ದರೆ ಮಾತಿಲ್ಲದೆ ಗಂಟು ಕಟ್ಟಬೇಕು. ಮರುದಿನ ಅವಳೇ ದಪ್ಪ ರಟ್ಟಿನ ಒಂದು ಪ್ಲಾನರ್ ತಂದು ಕತ್ತರಿಸುವ ಮೇಜಿನ ಮೇಲೆ ಇಟ್ಟು ಹೋದಳು.

ಬುಗುರಿ ಪ್ಲಾನರನ್ನು ಬೆರಳ ತುದಿಯಿಂದ ಮೇಜಿನ ಅಂಚಿಗೆ ಸರಿಸಿದಳು. ಚಿಂದಿ ಬಟ್ಟೆಯ ಡ್ರಾಯರಿನಲ್ಲಿ ಆಗಲೇ ಅಂಥವು ಹಲವು ಸತ್ತು ಬಿದ್ದಿದ್ದವು. ಒಂದರಲ್ಲಿ ವರ್ಷದ ಮೊದಲ ವಾರ ಮಾತ್ರ ತುಂಬಿತ್ತು. ಇನ್ನೊಂದಕ್ಕೆ ಬಣ್ಣದ ಗೆರೆ ಎಳೆದು ಸಿಂಗರಿಸುತ್ತ ಮಧ್ಯಾಹ್ನವಿಡೀ ಕಳೆದು, ಅದೇ ಪುಟದಲ್ಲಿ ಬರೆದಿದ್ದ ಹಲ್ಲಿನ ಡಾಕ್ಟರ ಭೇಟಿಯನ್ನು ತಪ್ಪಿಸಿಕೊಂಡಿದ್ದಳು. ಮತ್ತೊಂದು ಫ್ರಿಜ್ಜಿನಲ್ಲಿ ಸೊಪ್ಪಿನ ಕಟ್ಟಿನ ಕೆಳಗೆ ಸಿಕ್ಕಿತ್ತು. ಆರಂಭಶೂರತ್ವಕ್ಕೆ ಪದಕ ಕೊಡುವುದಿದ್ದರೆ ಅವಳ ಗೋಡೆಯಲ್ಲಿ ಮೊಳೆ ಹೊಡೆಯಲು ಜಾಗ ಇರುತ್ತಿರಲಿಲ್ಲ.

ಈ ಸಲ ಮನೋವೈದ್ಯೆ ಬೇರೆ ದಾರಿ ಹೇಳಿಕೊಟ್ಟರು. "ಪುಸ್ತಕ ಮುಚ್ಚಲೇಬೇಡಿ. ಕಣ್ಣಿಗೆ ಕಾಣದೆ ಇರೋದು ನಿಮ್ಮ ಪಾಲಿಗೆ ಇಲ್ಲ. ಸದ್ಯಕ್ಕೆ ಎಲ್ಲಾ ಬರೆಯೋಕೆ ಹೋಗಬೇಡಿ, ಹನಿ ಒಂದನ್ನೇ ಬರೀರಿ. ಚೌಕ ಹಾಕಿ, ಕೆಲಸ ಆದ್ಮೇಲೆ ಟಿಕ್ ಮಾಡಿ. ಆ ಟಿಕ್ಕಿನ ಖುಷಿನೇ ನಾಳೆ ನಿಮ್ಮನ್ನ ಪುಸ್ತಕದ ಹತ್ರ ಎಳ್ಕೊಂಡು ಬರುತ್ತೆ."

ಬುಗುರಿ ಹಾಗೆಯೇ ಮಾಡಿದಳು. ಪುಸ್ತಕವನ್ನು ಮಷೀನಿನ ಪಕ್ಕದಲ್ಲೇ ಬಿಚ್ಚಿಟ್ಟು, ಮಡಚಿಕೊಳ್ಳದಂತೆ ಎರಡು ಕಡೆ ಇಸ್ತ್ರಿಪೆಟ್ಟಿಗೆ ಮತ್ತು ಗುಂಡುಪಿನ್ನಿನ ಡಬ್ಬಿ ಹೇರಿದಳು. ಪೆನ್ನು ಕಾಲು ಬಂದು ಓಡಿಹೋಗದಂತೆ ಎಲಾಸ್ಟಿಕ್ ದಾರದಿಂದ ಮೇಜಿನ ಕಾಲಿಗೆ ಕಟ್ಟಿದಳು. ದಿನಕ್ಕೆ ಮೂರು ಚೌಕ, ಸ್ಕೇಲಿಟ್ಟು ಎಳೆದದ್ದು. ಮೊದಲ ದಿನ ಮೂರೂ ತುಂಬಿದವು. ಮರುದಿನವೂ. ಒಂದು ವಾರ ಕಳೆದಾಗ ಆ ಪುಟ ನೋಡಿ ಅವಳಿಗೆ ಎದೆಯುಬ್ಬಿತು. ಹೊಸ ಬಟ್ಟೆಯ ಮೇಲೆ ನೇರವಾಗಿ ಬಿದ್ದ ಹೊಲಿಗೆಯ ಸಾಲಿನ ಹಾಗೆ, ಒಂದೂ ತಪ್ಪದೆ, ಟಿಕ್ಕುಗಳು. ತನ್ನ ಜೀವನದಲ್ಲಿ ಇಂಥ ಸಾಲನ್ನು ಬಟ್ಟೆಯ ಮೇಲಲ್ಲದೆ ಬೇರೆಲ್ಲೂ ಅವಳು ಕಂಡಿರಲಿಲ್ಲ.

ಆ ಖುಷಿಯೇ ಅವಳಿಗೆ ಮುಳುವಾಯಿತು. ಹನಿಯ ಬಾಟಲಿ ಇದ್ದದ್ದು ಒಳಗೆ ಫ್ರಿಜ್ಜಿನಲ್ಲಿ, ಪುಸ್ತಕ ಇದ್ದದ್ದು ಇಲ್ಲಿ ಕೈಗೆಟಕುವಲ್ಲಿ. ಹೊತ್ತಾಯಿತು ಎಂದು ನೆನಪಾದೊಡನೆ ಕೈ ಮೊದಲು ಹೋಗುತ್ತಿದ್ದದ್ದು ಪೆನ್ನಿಗೆ. ಹೇಗೂ ಹಾಕಲು ಹೊರಟೇ ಇದ್ದೇನಲ್ಲ ಎಂದು ಒಂದು ದಿನ ಮೊದಲು ಟಿಕ್ ಮಾಡಿ ಆಮೇಲೆ ಎದ್ದಳು. ಏನೂ ಆಗಲಿಲ್ಲ; ಹನಿ ಬಿತ್ತು. ಮರುದಿನವೂ ಹಾಗೇ ಮಾಡಿದಳು. ಹೀಗೆ ಬಾಲ ಮುಂದೆ ಬಂದು ತಲೆ ಹಿಂದೆ ಹೋಯಿತು, ಹೋದದ್ದು ಅವಳಿಗೆ ತಿಳಿಯಲಿಲ್ಲ.

ಒಂದು ಸಂಜೆ ಟಿಕ್ ಮಾಡಿ ಎದ್ದು ನಿಂತಳು, ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಒಬ್ಬಳು, ಅವಳ ಕೋಟಿನ ಜಿಪ್ಪು ಕತ್ತಿನವರೆಗೆ ಏರಿ ಕಚ್ಚಿಕೊಂಡು ಕೆಳಗಿಳಿಯುತ್ತಿಲ್ಲ. ಪಾಪದವಳು ಕೋಟಿನೊಳಗೇ ಬಂದಿಯಾಗಿದ್ದಳು. ಬುಗುರಿ ಮೇಣ ಸವರಿ, ಹಲ್ಲು ಹಲ್ಲಾಗಿ ಬಿಡಿಸಿ, ಅವಳನ್ನು ಹೊರತೆಗೆದು, ಇಬ್ಬರೂ ನಕ್ಕು, ಅವಳು ಹೋದ ಮೇಲೆ ಬಂದು ಮಷೀನಿನ ಮುಂದೆ ಕೂತಳು.

"ಬುಗುರೀ, ಹನಿ..." ಎಂದಳು ಅಮ್ಮ ಮೂಲೆಯಿಂದ.

"ಅಯ್ಯೋ, ಆಗಲೇ ಆಯ್ತಲ್ಲಮ್ಮ! ನೋಡಿಲ್ಲಿ." ಬುಗುರಿ ಪುಸ್ತಕವನ್ನೇ ಎತ್ತಿ ಅಮ್ಮನ ಮುಖದ ಮುಂದೆ ಹಿಡಿದಳು. "ನೀನು ಮರೀತೀಯ ಅಂತಾನೇ ನಾನು ಬರ್ದಿಡೋದು. ಈಗ ನಮ್ಮಿಬ್ಬರಲ್ಲಿ ಮರೆಗುಳಿ ಯಾರು, ಹೇಳು?"

ಅಮ್ಮ ಪುಟ ನೋಡಿದಳು. ಆಮೇಲೆ ಪುಸ್ತಕದ ಮೇಲಿಂದ ಮಗಳ ಮುಖ ನೋಡಿದಳು. "ಹೌದಲ್ಲ" ಎಂದಳು. "ನಾನೇ ಮರೆತೆ."

ಅಲ್ಲಿಂದ ಮುಂದೆ ಅಮ್ಮ ಕೇಳುವುದನ್ನೇ ಬಿಟ್ಟಳು.

ತಪಾಸಣೆಗೆ ಮುಂಚೆ ಅಕ್ಕ ಒಮ್ಮೆ ಬಂದು ಪುಸ್ತಕದ ಹಾಳೆಗಳನ್ನು ತಿರುವಿದಳು. ಅವಳ ಬೆರಳು ಖಾಲಿ ಚೌಕ ಹುಡುಕುತ್ತ ಸಾಲಿನಿಂದ ಸಾಲಿಗೆ ಇಳಿದು ಕೊನೆಗೆ ನಿಂತಿತು. "ನಮ್ಮ ಶಾಲೆ ಹಾಜರಿ ಪುಸ್ತಕ ಕೂಡ ಇಷ್ಟು ಚೆನ್ನಾಗಿಲ್ಲ ಕಣೇ" ಎಂದಳು. ಆಮೇಲೆ, ಹೇಳಲೋ ಬೇಡವೋ ಎಂಬಂತೆ, "ನಿನ್ನ ಬಗ್ಗೆ ನಾನು ತಪ್ಪು ತಿಳ್ಕೊಂಡಿದ್ದೆ" ಎಂದು ಸೇರಿಸಿದಳು. ಅಕ್ಕನ ಬಾಯಿಂದ ಅಂಥ ಮಾತು ಬಿದ್ದದ್ದು ಅದೇ ಮೊದಲು. ಬುಗುರಿ ಒಳಗೆ ಹೋಗಿ ಚಹಾಕ್ಕೆ ನೀರಿಟ್ಟು ಸಕ್ಕರೆಯ ಡಬ್ಬಿ ಹಿಡಿದುಕೊಂಡೇ ನಿಂತುಬಿಟ್ಟಳು.

ತಪಾಸಣೆಯ ಬೆಳಿಗ್ಗೆ ಹನಿಯ ಬಾಟಲಿಯನ್ನು ಚೀಲಕ್ಕೆ ಹಾಕಲು ತೆಗೆದಾಗ ಅದು ಕೈಗೆ ಭಾರವೆನಿಸಿತು. ಬೆಳಕಿಗೆ ಹಿಡಿದು ನೋಡಿದಳು. ಇಷ್ಟು ಹೊತ್ತಿಗೆ ಮುಗಿದು ಹೊಸದು ತರಬೇಕಾಗಿದ್ದ ಬಾಟಲಿಯಲ್ಲಿ ಅರ್ಧದಷ್ಟು ಹಾಗೇ ಇತ್ತು.

"ಅಮ್ಮಾ, ಇದೇನು ಇನ್ನೂ ಇಷ್ಟಿದೆ?"

"ನಿನ್ನ ಕೈ ಹಗುರ. ಸಣ್ಣ ಹನಿ ಬೀಳುತ್ತೆ" ಎಂದಳು ಅಮ್ಮ, ಶಾಲು ಹೊದೆಯುತ್ತ, ಇತ್ತ ತಿರುಗದೆ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಬುಗುರಿ ಬಾಟಲಿ ಹಿಡಿದು ಅಮ್ಮನ ಎದುರು ಕೂತಳು. ಜಿಪ್ಪಿನವಳು ನೆನಪಾದಳು. ಒಂದು ಮಧ್ಯಾಹ್ನ ಸೂಜಿ ಮುರಿದದ್ದು, ಇನ್ನೊಂದು ದಿನ ಬಾಬಿನ್ನಿಗೆ ದಾರ ಸುತ್ತುತ್ತ ಕೂತದ್ದು, ಎಲ್ಲ ನೆನಪಾದವು. ಟಿಕ್ ಮಾಡಿದ್ದು ನೆನಪಿತ್ತು. ಆದರೆ ಅಮ್ಮನ ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ಹಿಡಿದದ್ದು ಎಷ್ಟೋ ದಿನದ್ದು ನೆನಪಿರಲಿಲ್ಲ.

"ಎಷ್ಟು ಸಲ ತಪ್ಪಿದೆ? ನಿಜ ಹೇಳು."

"ಅದೆಲ್ಲ ಯಾರು ನೆನಪಿಟ್ಕೋತಾರೆ ಬಿಡೇ."

"ಅಮ್ಮಾ! ಹನಿ ಬಿದ್ದಿಲ್ಲ ಅಂತ ನಿಂಗೆ ಗೊತ್ತಿತ್ತಲ್ಲ. ಕಣ್ಣು ನಿಂದು. ಯಾಕೆ ಹೇಳ್ಲಿಲ್ಲ?"

ಅಮ್ಮ ಸುಮ್ಮನೆ ಶಾಲಿನ ಅಂಚನ್ನು ತೀಡಿದಳು. "ಆ ಪುಸ್ತಕ ತೋರಿಸುವಾಗ ನಿನ್ನ ಮುಖ ನೀನು ನೋಡ್ಕೊಂಡಿಲ್ಲ" ಎಂದಳು. "ನೀನು ಹುಟ್ಟಿದಾಗಿನಿಂದ ನಾನು ಆ ಮುಖಕ್ಕೆ ಕಾದಿದ್ದೆ. ಒಂದು ಹೊತ್ತಿನ ಹನಿಗೋಸ್ಕರ ಅದನ್ನ ಕೆಡಿಸಲಾ? ನಾಳೆ ಹಾಕ್ತಾಳೆ ಬಿಡು ಅಂದ್ಕೊಂಡೆ. ಆಮೇಲೆ..." ಕೈ ಚಾಚಿ ಮಗಳ ಮೊಣಕೈ ಹಿಡಿದಳು. "ಅಕ್ಕನಿಗೆ ಮಾತ್ರ ಹೇಳಬೇಡ. ನನ್ನ ಕರ್ಕೊಂಡು ಹೋಗಿಬಿಡ್ತಾಳೆ."

ಆಸ್ಪತ್ರೆಯ ಕೋಣೆಯಲ್ಲಿ ಡಾಕ್ಟರು ಅಮ್ಮನ ಗಲ್ಲವನ್ನು ಯಂತ್ರದ ಪಟ್ಟಿಯ ಮೇಲಿರಿಸಿ, ನೀಲಿ ಬೆಳಕು ಬಿಟ್ಟು ನೋಡಿದರು. ಮತ್ತೊಮ್ಮೆ ನೋಡಿದರು. ಅಕ್ಕ ಶಾಲೆಗೆ ರಜೆ ಹಾಕಿ ಬಂದಿದ್ದಳು. ಅವಳ ಮಟ್ಟಿಗೆ ಅದು ಸಣ್ಣ ವಿಷಯವಲ್ಲ. ಪ್ಲಾನರನ್ನು ತಾನೇ ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

"ಒತ್ತಡ ತುಂಬಾ ಏರಿದೆ" ಎಂದರು ಡಾಕ್ಟರು. "ಅಂಚಿನ ದೃಷ್ಟಿ ಹೋದ ಸಲಕ್ಕಿಂತ ಕಡಿಮೆ ಆಗಿದೆ. ಹನಿ ಸರಿಯಾಗಿ ಹಾಕ್ತಿದೀರಾ?"

"ಒಂದು ಹೊತ್ತೂ ತಪ್ಪಿಲ್ಲ ಡಾಕ್ಟ್ರೇ" ಎಂದಳು ಅಕ್ಕ, ಬುಗುರಿ ಬಾಯಿ ತೆರೆಯುವ ಮೊದಲೇ. ಪುಸ್ತಕ ಬಿಡಿಸಿ ಮೇಜಿನ ಮೇಲೆ ಸರಿಸಿದಳು. "ನನ್ನ ತಂಗಿ ಬರೆದಿಟ್ಟಿದ್ದಾಳೆ. ನೋಡಿ." ಆ ದನಿಯಲ್ಲಿ ಹೆಮ್ಮೆ ಇತ್ತು.

ಡಾಕ್ಟರು ಪುಟ ಮಗುಚಿ ತಲೆದೂಗಿದರು. "ಹಾಗಿದ್ರೆ ಈ ಔಷಧಿ ಇವರಿಗೆ ಹಿಡಿಸ್ತಿಲ್ಲ ಅಂತಾಯ್ತು. ಕಾಯೋ ಹಾಗಿಲ್ಲ. ಆಪರೇಷನ್ ಮಾಡಿಬಿಡೋಣ. ಒಂದೇ ಕಣ್ಣು ಇರೋದ್ರಿಂದ ಅಪಾಯ ಇದ್ದೇ ಇದೆ, ಅದನ್ನೂ ಹೇಳ್ತೀನಿ. ಆದ್ರೆ ಬೇರೆ ದಾರಿ ಕಾಣ್ತಿಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ರೋಗ ಇದ್ದದ್ದು ಟಿಕ್ಕಿನಲ್ಲಿ, ಕತ್ತಿ ಹೋಗುತ್ತಿದ್ದದ್ದು ಅಮ್ಮನ ಕಣ್ಣಿಗೆ. ಬುಗುರಿ ಅಮ್ಮನ ಕಡೆ ನೋಡಿದಳು. ಅಮ್ಮ ಬೇಡ ಎಂದು ತಲೆಯಾಡಿಸುತ್ತಿದ್ದಳು, ಸಣ್ಣಗೆ, ಬುಗುರಿಗೆ ಮಾತ್ರ ಕಾಣುವಂತೆ. ಬಾಯಿ ಮುಚ್ಚಿಕೊಂಡರೆ ಮಾನ ಉಳಿಯುತ್ತದೆ, ಅಮ್ಮನ ಕುರ್ಚಿ ಉಳಿಯುತ್ತದೆ, ಅಕ್ಕನ ಹೆಮ್ಮೆಯೂ ಉಳಿಯುತ್ತದೆ. ಕಣ್ಣೊಂದನ್ನು ಬಿಟ್ಟು. ಬುಗುರಿಗೆ ಅಲ್ಲಿಂದ ಎದ್ದು ಓಡಿಹೋಗಬೇಕೆನಿಸಿತು.

"ಅದು ಸುಳ್ಳು" ಎಂದಳು.

"ಯಾವುದು?" ಎಂದರು ಡಾಕ್ಟರು.

"ಪುಸ್ತಕ. ನಾನು ಮೊದಲು ಟಿಕ್ ಮಾಡಿ ಆಮೇಲೆ ಹನಿ ಹಾಕೋಕೆ ಏಳ್ತಿದ್ದೆ. ಎದ್ದವಳು ಎಷ್ಟೋ ಸಲ ಬೇರೆ ಕಡೆ ಹೋಗಿಬಿಟ್ಟಿದೀನಿ." ಚೀಲದಿಂದ ಬಾಟಲಿ ತೆಗೆದು ಪುಸ್ತಕದ ಮೇಲೆ ಇಟ್ಟಳು. "ಇದು ಮುಗಿದು ವಾರ ಕಳೀಬೇಕಿತ್ತು."

"ಇಲ್ಲ ಇಲ್ಲ, ಹಾಕಿದ್ದಾಳೆ" ಎಂದಳು ಅಮ್ಮ ಗಾಬರಿಯಿಂದ. "ಎಲ್ಲಾ ಹೊತ್ತೂ ಹಾಕಿದ್ದಾಳೆ. ಅವಳಿಗೆ ಮರೆವು, ಹಾಕಿದ್ದೂ ನೆನಪಿಲ್ಲ."

"ಅಮ್ಮಾ, ಸಾಕು" ಎಂದಳು ಬುಗುರಿ.

ಅಕ್ಕ ಪುಸ್ತಕವನ್ನು ಎಳೆದುಕೊಂಡು, ಹಾಳೆ ಹಾಳೆಯಾಗಿ ತಿರುವಿ, ಒಂದೊಂದು ಟಿಕ್ಕನ್ನೂ ಹೊಸದಾಗಿ ನೋಡಿದಳು. ಯಾವುದು ನಿಜ, ಯಾವುದು ಸುಳ್ಳು ಎಂದು ಹೇಳಲು ಯಾರಿಗೂ ಆಗುತ್ತಿರಲಿಲ್ಲ. ಎಲ್ಲವೂ ಒಂದೇ ಥರ ಚೆಂದವಾಗಿದ್ದವು.

ಡಾಕ್ಟರು ಕುರ್ಚಿಗೆ ಒರಗಿದರು. ಅವರ ಮುಖದಲ್ಲಿ ಸಿಟ್ಟಿತ್ತು, ಸಮಾಧಾನವೂ ಇತ್ತು. "ಈಗಲಾದ್ರೂ ಹೇಳಿದ್ರಲ್ಲ. ಆಪರೇಷನ್ ಸದ್ಯಕ್ಕೆ ಬೇಡ. ಮೊದಲು ಹನಿಯನ್ನ ನಿಜವಾಗ್ಲೂ ಹಾಕಿ ನೋಡೋಣ. ಆದ್ರೆ ಹೋದ ದೃಷ್ಟಿ ಹೋಯ್ತು, ಅದನ್ನ ವಾಪಸ್ ತರೋಕೆ ನನ್ನ ಕೈಲಿ ಆಗಲ್ಲ. ಇರೋದನ್ನ ಉಳಿಸ್ಕೊಳ್ಳೋಣ."

ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಅಕ್ಕ ಕೊನೆಗೂ ಬಾಯಿ ಬಿಟ್ಟಳು. "ಮನೆಗೆ ಹೋಗಿ ಅಮ್ಮನ ಬಟ್ಟೆ ಕಟ್ಟು." ಬುಗುರಿ ತಲೆಯಾಡಿಸಿದಳು.

"ಯಾರ ಬಟ್ಟೆ ಯಾರು ಕಟ್ಟೋದು?" ಎಂದಳು ಅಮ್ಮ. "ಇದರಲ್ಲಿ ನಂದೂ ಪಾಲಿದೆ. ಅವಳು ಮರೆತು ತಪ್ಪು ಮಾಡಿದ್ಲು. ನಾನು ನೆನಪಿಟ್ಕೊಂಡೇ ಮಾಡ್ದೆ. ಬೈಯೋದಾದ್ರೆ ಮೊದಲು ನನ್ನ ಬೈಯಿ."

"ನಿಂಗೆ ಕಣ್ಣು ಬೇಡ್ವಾ ಅಮ್ಮ?" ಅಕ್ಕನ ಕಣ್ಣಲ್ಲಿ ನೀರು ತುಂಬಿತ್ತು. ಅವಳು ಅಳುವುದನ್ನು ಬುಗುರಿ ಕಂಡು ಎಷ್ಟು ಕಾಲವಾಗಿತ್ತೋ.

"ಬೇಕು. ಅದಕ್ಕೇ ಹೇಳ್ತಿದೀನಿ, ಪುಸ್ತಕ ಅವಳ ಹತ್ರ ಇರಲಿ, ಪೆನ್ನು ನನ್ನ ಹತ್ರ ಇರಲಿ. ಹನಿ ಕಣ್ಣಿಗೆ ಬಿದ್ದ ಮೇಲೆ ಟಿಕ್ ಮಾಡೋಳು ನಾನು. ಬೀಳದಿದ್ರೆ ಪೆನ್ನಿಗೆ ಕ್ಯಾಪೇ ತೆಗೆಯಲ್ಲ. ಮುಂದಿನ ಸಲ ಏರಿದ್ರೆ ನಾನೇ ನಿನ್ನ ಮನೆ ಬಾಗಿಲಿಗೆ ಬರ್ತೀನಿ, ಬೆಲ್ ಹೊಡಿ, ಉಸಿರಾಡ್ತೀನಿ."

ಅಕ್ಕ ನಗಲಿಲ್ಲ, ಒಪ್ಪಿದೆ ಎಂದೂ ಹೇಳಲಿಲ್ಲ. ಪ್ಲಾನರನ್ನು ಬುಗುರಿಯ ಕೈಗೆ ಕೊಡದೆ ಬೆಂಚಿನ ಮೇಲೆ ಇಟ್ಟು, ಶಾಲೆಗೆ ಹೊತ್ತಾಯಿತೆಂದು ಹೊರಟುಹೋದಳು. ಅವಳು ಅವತ್ತು ರಜೆ ಹಾಕಿದ್ದಳು ಎಂಬುದು ಮೂವರಿಗೂ ಗೊತ್ತಿತ್ತು.

ಸಂಜೆ ಬುಗುರಿ ಮೇಜಿನ ಕಾಲಿಗೆ ಕಟ್ಟಿದ್ದ ಎಲಾಸ್ಟಿಕ್ ಬಿಚ್ಚಿ ಪೆನ್ನನ್ನು ಅಮ್ಮನ ಕೊರಳಿಗೆ ಹಾಕಿದಳು. ಬೀದಿ ಬಾಗಿಲಿನ ಚಿಲಕ ಹಾಕಿದಳು. ಕರೆಗಂಟೆ ಬಾರಿಸಿದರೆ ಬಾರಿಸಿಕೊಳ್ಳಲಿ. ಫ್ರಿಜ್ಜಿನಿಂದ ಬಾಟಲಿ ತಂದು, ಅಮ್ಮನ ತಲೆಯನ್ನು ಕುರ್ಚಿಯ ಬೆನ್ನಿಗೆ ಒರಗಿಸಿ, ಕೆಳರೆಪ್ಪೆಯನ್ನು ಮೆಲ್ಲನೆ ಎಳೆದು ಹಿಡಿದು ಒತ್ತಿದಳು. ಹನಿ ಬಿತ್ತು. ಬಿದ್ದದ್ದನ್ನು ಅವಳು ಕಣ್ಣಾರೆ ನೋಡಿದಳು.

ಅಮ್ಮ ಕಣ್ಣು ಒರೆಸಿಕೊಂಡು ಎದ್ದು, ಮೇಜಿಗೆ ಬಂದು ಪೆನ್ನಿನ ಕ್ಯಾಪು ತೆಗೆದಳು. ಪುಸ್ತಕದ ಮೇಲೆ ಬಗ್ಗಿದಳು. ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು, ಚೌಕ ಇದೆಯೆಂದು ಅಂದುಕೊಂಡಲ್ಲಿ ಗಟ್ಟಿಯಾಗಿ ಒಂದು ಟಿಕ್ ಎಳೆದಳು. ಅದು ಚೌಕದಲ್ಲಿರಲಿಲ್ಲ. ಪುಟದಲ್ಲೂ ಇರಲಿಲ್ಲ. ಪುಸ್ತಕದ ಅಂಚು ದಾಟಿ, ಮೇಜಿನ ಮರದ ಮೇಲೆ ಬಿದ್ದಿತ್ತು.

ಬುಗುರಿ ಮರದ ಮೇಲಿನ ಆ ಗೆರೆಯನ್ನು ನೋಡಿದಳು. ಎಷ್ಟು ಹೋಗಿದೆ ಎಂದು ಡಾಕ್ಟರ ಯಂತ್ರ ಹೇಳಿದಾಗ ಅರ್ಥವಾಗದ್ದು ಈಗ ಅರ್ಥವಾಯಿತು. ತನ್ನ ಒಂದೊಂದು ಸುಳ್ಳು ಟಿಕ್ಕಿಗೂ ಅಮ್ಮನ ಲೋಕ ಅಂಚಿನಿಂದ ಅಷ್ಟಷ್ಟೇ ಕತ್ತರಿಸಿಹೋಗಿತ್ತು, ಅಮ್ಮ ಒಮ್ಮೆ ಹೌದಲ್ಲ ಎಂದವಳು ಮತ್ತೆ ಕೇಳದೆ ಕೂತಿದ್ದಳು.

"ಸರಿಯಾಗಿ ಬಿತ್ತಾ?" ಎಂದು ಕೇಳಿದಳು ಅಮ್ಮ.

ಬಿತ್ತು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಮ್ಮನ ಮುಖವೂ ಅದನ್ನೇ ಕೇಳುತ್ತಿತ್ತು. ಬುಗುರಿ ಅದನ್ನು ನುಂಗಿಕೊಂಡಳು.

"ಇಲ್ಲಮ್ಮ. ಮೇಜಿನ ಮೇಲೆ ಬಿತ್ತು."

ಅಮ್ಮ ಬೆರಳಿನಿಂದ ಪುಟದ ಅಂಚು ಹುಡುಕಿ, ಅಲ್ಲಿಂದ ಮರದ ಮೇಲೆ ಸವರಿದಳು. "ಎಷ್ಟು ದೂರ?"

"ಎರಡು ಬೆರಳು."

"ಹನಿ ಬಿದ್ದಿದೆಯಲ್ಲ?"

"ಹನಿ ಬಿದ್ದಿದೆ."

"ಹಾಗಿದ್ರೆ ಅಳಿಸಬೇಡ" ಎಂದು ಅಮ್ಮ ಪೆನ್ನಿಗೆ ಕ್ಯಾಪು ಹಾಕಿ, ಮೇಜು ಹಿಡಿದುಕೊಂಡು ತನ್ನ ಕುರ್ಚಿಗೆ ಹೋದಳು.

ಬುಗುರಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡಳು. ಸ್ಕೇಲಿಟ್ಟು, ಮೇಜಿನ ಮೇಲೆ, ಅಮ್ಮನ ಟಿಕ್ಕಿನ ಸುತ್ತ ಒಂದು ಚೌಕ ಎಳೆದಳು. ಪುಸ್ತಕದಲ್ಲಿ ಆ ಹೊತ್ತಿನ ಚೌಕವನ್ನು ಖಾಲಿ ಬಿಟ್ಟಳು.